ಜ್ವಾಲಾಮುಖಿಗೆ ಹೋಗುವ ಬೆಳಗಿನ ಬಸ್ಸು



ಕುಷ್ಟಗಿ ಸೀಮೆಯಲ್ಲಿ ಬಾವಿ ತೋಡಿಸಿದವರು, ಬೋರು ಹಾಕಿಸಿದವರು ಕೆಲವು ಕಡೆ ಕಪ್ಪು-ಹಸಿರು ಬಣ್ಣದ ಬಿಗಿಯಾದ ಕಲ್ಲನ್ನು ಕಂಡಿರುತ್ತಾರೆ. ಭೂವಿಜ್ಞಾನಿಗಳು ಈ ಕಲ್ಲು ಹರಡಿರುವ ನೆಲಕ್ಕೆ ಹುನಗುಂದ–ಕುಷ್ಟಗಿ ಶಿಲಾಪಟ್ಟಿ ಎಂದು ಹೆಸರಿಟ್ಟಿದ್ದಾರೆ. ಆ ಕಲ್ಲಿನಲ್ಲಿ ಹೆಚ್ಚಿನ ಪಾಲು ಒಂದು ಕಾಲದ ಲಾವಾ. ಭೂಮಿಯ ಒಡಲಿನಿಂದ ಕುದಿಯುತ್ತ ಮೇಲೆ ಬಂದು, ಹರಿದು, ಆರಿ ಗಟ್ಟಿಯಾದದ್ದು. ಆಮೇಲೆ ಕೋಟಿಗಟ್ಟಲೆ ವರ್ಷ ನೆಲದ ಒತ್ತಡಕ್ಕೂ ಕಾವಿಗೂ ಸಿಕ್ಕು, ಅದರೊಳಗಿನ ಖನಿಜಗಳು ಬದಲಾಗಿ ಹಸಿರು ಛಾಯೆ ಬಂತು. ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ. ಆಗ ಭೂಮಿಯ ಮೇಲೆ ಗಿಡವಿರಲಿಲ್ಲ, ಹುಲ್ಲಿರಲಿಲ್ಲ. ಜೀವ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣದು ಮಾತ್ರ.

ಹಾಗಾದರೆ ಆ ಜ್ವಾಲಾಮುಖಿಯ ಬಾಯಿ ಎಲ್ಲಿ ಹೋಯಿತು? ಕೊಪ್ಪಳ ಜಿಲ್ಲೆಯ ಯಾವ ಗುಡ್ಡದ ನೆತ್ತಿಯ ಮೇಲೂ ಅಂಥ ಕುಳಿ ಇಲ್ಲ. ಮಳೆ, ಬಿಸಿಲು, ಹರಿಯುವ ನೀರು ಸೇರಿ ಅಷ್ಟು ಕಾಲದಲ್ಲಿ ಬೆಟ್ಟದ ಮೇಲ್ಭಾಗವನ್ನು ಪೂರ್ತಿ ಸವೆಸಿಬಿಟ್ಟವು. ಈಗ ನಾವು ಉಳುತ್ತಿರುವುದು ಅದರ ತಳದ ಮೇಲೆ. ಗಂಗಾವತಿ, ಕೊಪ್ಪಳದ ಕಡೆಗೆ ಬಂದರೆ ಇನ್ನೊಂದು ಬಗೆ ಇದೆ. ಅಂಜನಾದ್ರಿಯ ಬಂಡೆ, ಹಿರೇಬೆಣಕಲ್ಲಿನ ಬಂಡೆ ಎಲ್ಲ ಗ್ರಾನೈಟ್. ಅದೂ ಕರಗಿದ ಶಿಲಾರಸವೇ. ಆದರೆ ಮೇಲಕ್ಕೆ ಬರಲಾಗದೆ ನೆಲದ ಆಳದಲ್ಲೇ ನಿಂತು ನಿಧಾನವಾಗಿ ಆರಿದ್ದು. ನಿಧಾನವಾಗಿ ಆರಿದ್ದರಿಂದಲೇ ಅದರಲ್ಲಿ ಕಾಳು ಕಾಳಾದ ಹರಳು ಕಾಣುತ್ತದೆ. ಲಾವಾಕ್ಕೆ ಅಷ್ಟು ಪುರುಸೊತ್ತು ಸಿಗುವುದಿಲ್ಲ, ಹೊರಗಿನ ಗಾಳಿ ತಾಗಿದ ಕೂಡಲೇ ಆರುತ್ತದೆ, ಹಾಗಾಗಿ ಅದು ನುಣುಪು ಕಲ್ಲು. ರಾಮನಗರದಿಂದ ನಮ್ಮ ಕಡೆಗೆ ಬರುವ ಈ ಗ್ರಾನೈಟ್ ಸಾಲನ್ನು, ರಾಮನಗರಕ್ಕಿದ್ದ ಬ್ರಿಟಿಷರ ಕಾಲದ ಹೆಸರಿನಿಂದ, ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ.

ಉತ್ತರಕ್ಕೆ ವಿಜಯಪುರ, ಕಲಬುರಗಿ, ಬೀದರಿನ ಕಡೆ ಹೋದರೆ ಲಾವಾ ಇನ್ನೂ ಧಾರಾಳ. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದಿನದು. ಅಲ್ಲಿನ ಎರೆಭೂಮಿ ಆ ಕಲ್ಲು ಸವೆದು ಆದ ಮಣ್ಣು. ಅಲ್ಲೂ ಕುಳಿ ಕಾಣುವುದಿಲ್ಲ, ಏಕೆಂದರೆ ಆ ಲಾವಾ ಒಂದು ಬೆಟ್ಟದ ಬಾಯಿಂದ ಚಿಮ್ಮಿದ್ದಲ್ಲ. ನೆಲದ ಉದ್ದುದ್ದ ಬಿರುಕುಗಳಿಂದ ಉಕ್ಕಿ ಪದರ ಪದರವಾಗಿ ಹಾಸಿಕೊಂಡದ್ದು.

ಅಂದರೆ ನಮ್ಮಲ್ಲಿ ಜ್ವಾಲಾಮುಖಿಯ ಲಾವಾವೂ ಇದೆ, ಬುಡವೂ ಇದೆ, ಬಾಯಿ ಇಲ್ಲ. ಅದನ್ನು ಕಾಲಿಂದ ನಡೆದು ನೋಡಬೇಕೆಂದರೆ ದೂರ ಹೋಗಬೇಕು. ಇವತ್ತು ನಿಮ್ಮನ್ನು ಅಂಥ ಒಂದು ದಾರಿಗೆ ಕರೆದೊಯ್ಯುತ್ತೇನೆ. ನ್ಯೂಜಿಲೆಂಡಿನ ಉತ್ತರ ದ್ವೀಪದ ನಡುಮಧ್ಯದಲ್ಲಿರುವ ಟೊಂಗರಿರೊ ಬೆಟ್ಟದ ದಾರಿ ಅದು. ಆಕ್ಲೆಂಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿವೆ. ಅವರ ಮನೆಗೆ ಊರಿನಿಂದ ಹೋದವರು ಬೇಸಿಗೆ ರಜೆಯಲ್ಲಿ ನೋಡಬಹುದಾದ ಜಾಗಗಳಲ್ಲಿ ಇದೂ ಒಂದು. ಬೇಸಿಗೆ ಎಂದರೆ ಅಲ್ಲಿಯದು: ಡಿಸೆಂಬರಿನಿಂದ ಫೆಬ್ರುವರಿ. ನಮಗೆ ಚಳಿ ಇದ್ದಾಗ ಅವರಿಗೆ ಬಿಸಿಲು.

ಆ ದಾರಿಯ ಉದ್ದ ಸುಮಾರು 20 ಕಿಲೋಮೀಟರು. ನಡೆಯಲು ಏಳೆಂಟು ತಾಸು ಬೇಕು. ಬೇಸಿಗೆಯಲ್ಲಿ ಗೈಡ್ ಬೇಕಿಲ್ಲ, ಯಾರು ಬೇಕಾದರೂ ತಮ್ಮಷ್ಟಕ್ಕೆ ನಡೆಯಬಹುದು. ಆದರೆ ಅದು ಹೋದ ದಾರಿಯಲ್ಲೇ ತಿರುಗಿ ಬರುವಂಥದ್ದಲ್ಲ. ಮಂಗಟೆಪೊಪೊ ಎಂಬಲ್ಲಿ ಶುರುವಾಗಿ, ಬೆಟ್ಟ ದಾಟಿ, ಆಚೆ ಮಗ್ಗುಲಿನ ಕೆಟೆಟಾಹಿ ಎಂಬಲ್ಲಿ ಮುಗಿಯುತ್ತದೆ. ನಿಮ್ಮ ಕಾರನ್ನು ಶುರುವಿನಲ್ಲಿ ಬಿಟ್ಟರೆ, ಸಂಜೆ ದಣಿದು ಇಳಿದಾಗ ಕಾರು ಬೆಟ್ಟದ ಆ ಕಡೆ, ನೀವು ಈ ಕಡೆ. ಅದಕ್ಕೇ ಷಟಲ್ ಬಸ್ಸು.

ಈ ಬಸ್ಸಿನ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಅದರಲ್ಲಿ ಬಹಳ ವಿವೇಕ ಅಡಗಿದೆ. ಸೀಸನ್ನಿನಲ್ಲಿ ಮಂಗಟೆಪೊಪೊದಲ್ಲಿ ನಾಲ್ಕು ತಾಸಿಗಿಂತ ಹೆಚ್ಚು ಹೊತ್ತು ಕಾರು ನಿಲ್ಲಿಸಲು ಬಿಡುವುದಿಲ್ಲ. ಪೂರ್ತಿ ದಾರಿ ನಡೆಯುವವರಿಗೆ ನಾಲ್ಕು ತಾಸು ಯಾವ ಮೂಲೆಗೂ ಸಾಲದು. ಅಂದರೆ ‘ಕಾರು ತರಬೇಡಿ’ ಎಂದು ಬಾಯಿಬಿಟ್ಟು ಹೇಳದೆ ನಿಯಮದಿಂದಲೇ ಹೇಳಿದ ಹಾಗಾಯಿತು. ಒಂದು ಕಾಲದಲ್ಲಿ ಆ ಕಿರುರಸ್ತೆಯ ಎರಡೂ ಬದಿ ಕಾರು ತುಂಬಿ ತುರ್ತು ವಾಹನ ಹೋಗಲೂ ಜಾಗವಿಲ್ಲದಂತೆ ಆಗುತ್ತಿತ್ತು. ಈಗ ಜನ ಸುತ್ತಲಿನ ಊರುಗಳಿಂದ, ಟುರಂಗಿಯಿಂದ, ಇತ್ತೀಚಿನವರೆಗೆ ನ್ಯಾಷನಲ್ ಪಾರ್ಕ್ ಎಂಬ ಹೆಸರಿದ್ದ ಹಳ್ಳಿಯಿಂದ, ಷಟಲ್ ಹಿಡಿಯುತ್ತಾರೆ. ಬಸ್ಸು ಬೆಳಿಗ್ಗೆ ಬೇಗ ಹೊರಡುತ್ತದೆ. ನಮ್ಮ ಟಂಟಂ ಹಾಗೆ ಸೀಟು ತುಂಬುವ ತನಕ ಕಾಯುವುದಿಲ್ಲ. ಮೊದಲೇ ಸೀಟು ಕಾದಿರಿಸಿದವರ ಪಟ್ಟಿ ಇರುತ್ತದೆ, ಹೊತ್ತಿಗೆ ಸರಿಯಾಗಿ ಬಿಡುತ್ತದೆ.

ಇದರಲ್ಲಿ ಎರಡು ಬಗೆ. ಒಂದು, ನೀವು ಇಳಿದುಕೊಂಡ ಊರಿನಿಂದ ಬಸ್ಸೇ ಕರೆದೊಯ್ದು, ಸಂಜೆ ಆ ತುದಿಯಿಂದ ವಾಪಸು ತರುವುದು. ಆಗ ಕೊನೆಯ ಬಸ್ಸಿನ ಹೊತ್ತು ತಲೆಯಲ್ಲೇ ಕೂತಿರುತ್ತದೆ. ಮೊಣಕಾಲು ನೋಯುವವರು ಆ ಚಿಂತೆಯಲ್ಲೇ ಓಡುತ್ತಾರೆ. ಇನ್ನೊಂದು, ಬೆಳಿಗ್ಗೆ ನಿಮ್ಮ ಕಾರನ್ನು ದಾರಿ ಮುಗಿಯುವ ತುದಿಯ ಹತ್ತಿರ ನಿಲ್ಲಿಸಿ, ಅಲ್ಲಿಂದ ಷಟಲ್ ಹತ್ತಿ ಶುರುವಿಗೆ ಹೋಗುವುದು. ಆಮೇಲೆ ದಿನವಿಡೀ ನಡೆಯುವುದು ನಿಮ್ಮ ಕಾರಿನ ಕಡೆಗೇ. ಎಷ್ಟು ಹೊತ್ತಾದರೂ ಬಿಟ್ಟುಹೋಗುವ ಬಸ್ಸಿಲ್ಲ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಎರಡನೆಯದೇ ಮೇಲು.

ಷಟಲ್ ನಡೆಸುವವರ ಇನ್ನೊಂದು ಕೆಲಸ ಟಿಕೆಟ್ಟಿನ ಮೇಲೆ ಬರೆದಿರುವುದಿಲ್ಲ. ಅವರು ಪ್ರತಿದಿನ ಹವಾಮಾನ ವರದಿ ನೋಡುತ್ತಾರೆ. ಮೇಲೆ ಗಾಳಿ ಜೋರಾಗಿದ್ದರೆ, ಹವೆ ಕೆಟ್ಟಿದ್ದರೆ, ಅವತ್ತು ಬಸ್ಸೇ ಇಲ್ಲ. ದೂರದ ದೇಶದಿಂದ ಒಂದೇ ದಿನದ ಬಿಡುವಿನಲ್ಲಿ ಬಂದವರಿಗೆ ಇದು ಬೇಸರ ತರುತ್ತದೆ. ಆದರೆ ಆ ಬೋಳು ಬೆಟ್ಟದ ಮೇಲೆ ಮರವಿಲ್ಲ, ಮರೆಯಿಲ್ಲ. ಬೇಸಿಗೆಯಲ್ಲೂ ಒಂದೇ ತಾಸಿನಲ್ಲಿ ಬಿಸಿಲು ಹೋಗಿ ಹಿಮ ಬೀಳಬಹುದು. ದಿಕ್ಕು ತಪ್ಪಿ, ಚಳಿಗೆ ಮೈ ಮರಗಟ್ಟಿ ಜೀವ ಕಳೆದುಕೊಂಡವರೂ ಇದ್ದಾರೆ. ‘ಇವತ್ತು ಬೇಡ’ ಎನ್ನುವ ಆ ಚಾಲಕನೇ, ನನ್ನ ಲೆಕ್ಕದಲ್ಲಿ, ಗೈಡ್ ಇಲ್ಲದ ದಾರಿಯ ಮೊದಲ ಗೈಡ್.

ಈಗ ನಡೆಯೋಣ. ಮೊದಲ ತಾಸು ಕಣಿವೆಯಲ್ಲಿ ಸುಲಭದ ನಡಿಗೆ. ಬಲಕ್ಕೆ ನೌರುಹೊಯಿ ಎಂಬ ಚೂಪು ಬೆಟ್ಟ. ಅದು ಬೆಳೆಯತೊಡಗಿ ಕೆಲವು ಸಾವಿರ ವರ್ಷವಾಗಿದೆ ಅಷ್ಟೇ. ಬೆಟ್ಟಗಳ ಲೆಕ್ಕದಲ್ಲಿ ಎಳೆಗೂಸು. 1954ರಲ್ಲಿ ಅದು ಉಕ್ಕಿಸಿದ ಲಾವಾ ಕಪ್ಪಗೆ, ಒರಟಾಗಿ ಬಿದ್ದಿರುವುದು ದಾರಿಯಿಂದಲೇ ಕಾಣುತ್ತದೆ. ಕುಷ್ಟಗಿಯ ಹಸಿರುಗಲ್ಲು ಹುಟ್ಟಿದ ದಿನ ಹೆಚ್ಚುಕಡಿಮೆ ಹೀಗೆಯೇ ಇದ್ದಿರಬೇಕು. ಮುಂದೆ ಕಡಿದಾದ ಏರು, ಮೆಟ್ಟಿಲು ಕಟ್ಟಿದ್ದಾರೆ. ಹತ್ತಿ ಮುಗಿದ ಮೇಲೆ ಸೌತ್ ಕ್ರೇಟರ್ ಎಂಬ ಚಪ್ಪಟೆ ಬಯಲು. ಹೆಸರಿಗೆ ಕುಳಿಯಾದರೂ ಅದು ಜ್ವಾಲಾಮುಖಿಯ ಬಾಯಲ್ಲ. ಸುತ್ತಲಿನ ಬೆಟ್ಟಗಳ ನಡುವೆ ಉಳಿದ ತಗ್ಗಿನಲ್ಲಿ ಬೂದಿ, ಮರಳು ತುಂಬಿ ಆದ ನೆಲ.

ನಿಜವಾದ ಬಾಯಿ ಅದರ ಮೇಲಿದೆ: ರೆಡ್ ಕ್ರೇಟರ್, ಕೆಂಪು ಕುಳಿ. ಅದರ ಅಂಚು ಸಮುದ್ರಮಟ್ಟದಿಂದ 1,886 ಮೀಟರ್ ಎತ್ತರ, ಇಡೀ ದಾರಿಯ ನೆತ್ತಿ. ಕಲ್ಲಿನೊಳಗಿನ ಕಬ್ಬಿಣ ಅತಿ ಕಾವಿನಲ್ಲಿ ಗಾಳಿಯ ಆಮ್ಲಜನಕದ ಜೊತೆ ಸೇರಿ ಆ ಕೆಂಪು ಬಂದಿದೆ. ಅಂಚಿನ ನೆಲ ಕೈಗೆ ಬೆಚ್ಚಗೆ ತಾಗುತ್ತದೆ. ಬಿರುಕುಗಳಿಂದ ಹಬೆ ಏಳುತ್ತದೆ. ಗಂಧಕದ ವಾಸನೆ ಮೂಗಿಗೆ ಹೊಡೆಯುತ್ತದೆ. ಈ ಕಾವು ಎಲ್ಲಿಂದ? ಪೂರ್ವದ ಕಡೆಯಿಂದ ಪೆಸಿಫಿಕ್ ಸಾಗರದ ತಳದ ಶಿಲಾಫಲಕ ನ್ಯೂಜಿಲೆಂಡಿನ ಅಡಿಗೆ ನುಸುಳುತ್ತಿದೆ. ಅದು ತನ್ನ ಜೊತೆ ಸಮುದ್ರದ ನೀರನ್ನೂ ಆಳಕ್ಕೆ ಒಯ್ಯುತ್ತದೆ. ಆಳದ ಬಿಸಿ ಕಲ್ಲಿಗೆ ನೀರು ಬೆರೆತಾಗ ಆ ಕಲ್ಲು ಕಡಿಮೆ ಉಷ್ಣತೆಯಲ್ಲೇ ಕರಗುತ್ತದೆ. ಕರಗಿದ್ದು ಹಗುರವಾಗಿ ಮೇಲೇರುತ್ತದೆ. ಬೆಂಕಿಬೆಟ್ಟದ ಹಿಂದೆ ನೀರಿನ ಕೈವಾಡ ಇದೆ ಎಂಬ ಈ ಸಂಗತಿ ನನಗೆ ಎಷ್ಟು ಸಲ ಓದಿದರೂ ಬೆರಗು ಹುಟ್ಟಿಸುತ್ತದೆ.

ನೆತ್ತಿಯಿಂದ ಇಳಿಯುವಾಗ ಕಾಲಡಿ ಸಡಿಲ ಜಲ್ಲಿ, ಹಿಮ್ಮಡಿ ಊರಿ ಇಳಿಯಬೇಕು. ಬೀಳುವವರು ಬೀಳುವುದು ಇಲ್ಲೇ. ಕೆಳಗೆ ಮೂರು ಹೊಂಡ, ಪಚ್ಚೆ ಬಣ್ಣದವು. ಹಳೆಯ ಸ್ಫೋಟದ ಗುಂಡಿಗಳಲ್ಲಿ ನಿಂತ ನೀರಿಗೆ ಕಲ್ಲಿನಿಂದ ಖನಿಜ ಸೋರಿ ಆ ಬಣ್ಣ. ನೀರು ಆಮ್ಲೀಯ, ಕುಡಿಯುವಂಥದ್ದಲ್ಲ. ದಾರಿಯುದ್ದಕ್ಕೂ ಕುಡಿಯುವ ನೀರಿಲ್ಲವಾದ್ದರಿಂದ ಹೊತ್ತುಕೊಂಡೇ ಹೋಗಬೇಕು, ಬುತ್ತಿಯೂ ಹಾಗೆಯೇ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದ ನಮ್ಮವರು ಅಲ್ಲಿ ಯಾರಿಗೂ ಕಡಿಮೆಯಿಲ್ಲ.

ಇಷ್ಟು ಜನ ನಡೆಯುವ ಬೆಟ್ಟ ತಣ್ಣಗಾದದ್ದೇನೂ ಅಲ್ಲ. 2012ರ ಆಗಸ್ಟ್ 6ರ ರಾತ್ರಿ ಅದೇ ಬೆಟ್ಟದ ಟೆ ಮಾರಿ ಎಂಬ ಬಾಯಿ ಸಿಡಿಯಿತು, ನೂರಕ್ಕೂ ಹೆಚ್ಚು ವರ್ಷದ ಮೌನದ ನಂತರ. ಹಾರಿದ ಬಂಡೆಗಳು ದಾರಿಯ ಪಕ್ಕದ ಕೆಟೆಟಾಹಿ ತಂಗುಮನೆಯ ಚಾವಣಿ ತೂರಿ ಒಳಗೆ ಬಿದ್ದವು. ಅವತ್ತು ಅಲ್ಲಿ ಯಾರೂ ಮಲಗಿರಲಿಲ್ಲ. ನವೆಂಬರ್ 21ರಂದು ಇನ್ನೊಮ್ಮೆ, ಈ ಸಲ ಹಾಡುಹಗಲು. ಶಾಲೆಯ ಮಕ್ಕಳೂ ಸೇರಿ ಹಲವರು ದಾರಿಯಲ್ಲಿದ್ದರು. ಯಾರಿಗೂ ಪೆಟ್ಟಾಗಲಿಲ್ಲ. ಆಮೇಲೆ ದಾರಿಯನ್ನು ಮುಚ್ಚಿ, ಪರೀಕ್ಷಿಸಿ, ಎಚ್ಚರಿಕೆಯ ದೀಪಗಳನ್ನು ನೆಟ್ಟು, ಮತ್ತೆ ತೆರೆದರು. ಕೆಂಪು ದೀಪ ಕಂಡರೆ ತಿರುಗಿ ಬರಬೇಕು. ಅಲ್ಲಿ ಕೇಳಲು ಮನುಷ್ಯ ಇರುವುದಿಲ್ಲ, ಪಾಲಿಸಬೇಕಾದವರು ನಾವೇ.

ಈ ಬೆಟ್ಟ ಉಳಿದದ್ದು ಹೇಗೆ ಎಂಬುದೂ ಕೇಳಬೇಕಾದ ಕಥೆ. ಅದು ನಾಟಿ ಟುವಾರೆಟೋವಾ ಎಂಬ ಮೂಲನಿವಾಸಿ ಮಾವೊರಿ ಕುಲದವರಿಗೆ ಪೂರ್ವಿಕರ ಸಮಾನ. 19ನೆಯ ಶತಮಾನದಲ್ಲಿ ಭೂಮಿ ಹಂಚಿ ಮಾರುವ ಗದ್ದಲ ಎದ್ದಾಗ, ಅವರ ಮುಖ್ಯಸ್ಥ ಟೆ ಹೆಯುಹೆಯು ಟುಕಿನೊ ಹೊರೊನುಕು 1887ರಲ್ಲಿ ಪವಿತ್ರ ಶಿಖರಗಳನ್ನು ಬ್ರಿಟಿಷ್ ರಾಣಿಯ ಸರ್ಕಾರದ ಕೈಗೆ ಒಪ್ಪಿಸಿದ. ತುಂಡು ತುಂಡಾಗಿ ಮಾರಾಟವಾಗದಿರಲಿ ಎಂಬುದು ಅದರ ಹಿಂದಿನ ಕಾಳಜಿ. ಅದೇ ನ್ಯೂಜಿಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನಕ್ಕೆ ಬುನಾದಿಯಾಯಿತು. ಯುನೆಸ್ಕೊ 1990ರಲ್ಲಿ ಅದನ್ನು ಪ್ರಕೃತಿಯ ಕಾರಣಕ್ಕೂ, 1993ರಲ್ಲಿ ಸಂಸ್ಕೃತಿಯ ಕಾರಣಕ್ಕೂ ವಿಶ್ವಪರಂಪರೆಯೆಂದು ಒಪ್ಪಿತು. ಬೆಟ್ಟ ಆ ಕುಲದವರಿಗೆ ಪವಿತ್ರವಾದ್ದರಿಂದ, ದಾರಿಯಲ್ಲಿ ಸಿಗುವ ನೀಲಿ ಸರೋವರದ ನೀರಿಗೆ ಇಳಿಯಬೇಡಿ, ಅದರ ದಂಡೆಯಲ್ಲಿ ಉಣ್ಣಬೇಡಿ ಎಂಬ ಕೋರಿಕೆ ಇದೆ. ನೌರುಹೊಯಿಯ ಶಿಖರ ಹತ್ತಬೇಡಿ ಎಂದೂ ಕೇಳಿಕೊಳ್ಳುತ್ತಾರೆ. ಗುಡ್ಡದ ಬುಡದಲ್ಲಿ ಚಪ್ಪಲಿ ಬಿಡುವ ನಮಗೆ ಈ ಮಾತನ್ನು ಯಾರೂ ವಿವರಿಸಬೇಕಿಲ್ಲ.

ಇಷ್ಟು ದೂರ ಹೋಗಿ ಬಂದದ್ದು ನಮ್ಮ ಒಂದು ಗುಡ್ಡದ ಮಾತಿಗಾಗಿ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡ ನಿಮಗೆ ಗೊತ್ತಿದೆ. ಗ್ರಾನೈಟ್ ಹಾಸುಗಳನ್ನು ಎಬ್ಬಿಸಿ, ನಿಲ್ಲಿಸಿ, ಮೇಲೆ ಇನ್ನೊಂದು ಹಾಸು ಹೊದಿಸಿ ಕಟ್ಟಿದ ಸುಮಾರು 400 ಶಿಲಾಸಮಾಧಿಗಳು ಅಲ್ಲಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. ಕೆಲವುಗಳ ಗೋಡೆಗಲ್ಲಿನಲ್ಲಿ ದುಂಡನೆಯ ಕಿಂಡಿ ಇದೆ. ಎತ್ತರದ ಬಂಡೆಯ ಮೇಲೆ ಕೂತಿರುವ ಅರ್ಧಗೋಳದ ಕಲ್ಲಿಗೆ ಹೊಡೆದರೆ ನಗಾರಿಯ ಸದ್ದು ದೂರದವರೆಗೆ ಕೇಳುತ್ತದೆ. ಗಿಡ್ಡ ಜನ ಕಟ್ಟಿದ ಮನೆಗಳಿವು ಎಂಬ ನಂಬಿಕೆ ಸುತ್ತಲ ಹಳ್ಳಿಗಳಲ್ಲಿದೆ. 19ನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದರ ಬಗ್ಗೆ ಬರೆದ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಇದೂ ಗೈಡ್ ಇಲ್ಲದೆ ಹತ್ತುವ ಗುಡ್ಡವೇ. ಬಂಡೆಯ ಮೇಲೆ ದಾರಿ ಸವೆದ ಗುರುತು ನಿಲ್ಲುವುದಿಲ್ಲವಾದ್ದರಿಂದ ಹೊಸಬರು ಸುಲಭವಾಗಿ ದಿಕ್ಕು ತಪ್ಪುತ್ತಾರೆ.

ನನಗೆ ಬೇಕೆನಿಸುವುದು ದೊಡ್ಡ ಯೋಜನೆಯಲ್ಲ. ರಜಾದಿನಗಳಲ್ಲಿ ಗಂಗಾವತಿಯಿಂದ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಿಡುವ ಒಂದು ಸಣ್ಣ ಬಸ್ಸು, ಸಂಜೆ ವಾಪಸು ತರಲು ಅದೇ ಬಸ್ಸು. ಹತ್ತಿದವರೆಷ್ಟು, ಇಳಿದವರೆಷ್ಟು ಎಂದು ಎಣಿಸುವ ಒಬ್ಬ ನಿರ್ವಾಹಕ. ಬುಡದಲ್ಲಿ ನೀರು. ದಾರಿಗೆ ಕಲ್ಲಿನ ಗುರುತು. ಸಮಾಧಿಗಳ ಮೇಲೆ ಹತ್ತಬೇಡಿ, ನಿಧಿಯಾಸೆಗೆ ಅಗೆಯಬೇಡಿ, ಹೆಸರು ಕೆತ್ತಬೇಡಿ ಎಂದು ಊರಿನವರ ಹೆಸರಿನಲ್ಲೇ ಕೇಳಿಕೊಳ್ಳುವ ಒಂದು ಬೋರ್ಡು. ವಾಹನಗಳು ಗುಡ್ಡದ ಬುಡದ ತನಕ ನುಗ್ಗದ ಹಾಗೆ ಈಗಲೇ ತಡೆದರೆ, ಜನ ಹೆಚ್ಚಾದ ಮೇಲೆ ತಡೆಯುವ ಕಷ್ಟ ಬರುವುದಿಲ್ಲ.

ಅದಾಗುವ ತನಕ ಹೋಗುವವರಿಗೆ ಒಂದೆರಡು ಮಾತು. ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ. ಬೇಸಿಗೆಯಲ್ಲಿ ಬಂಡೆ ಕಾಯ್ದು ಹೆಂಚಾಗಿರುತ್ತದೆ. ಬೆಳಗಾಗುತ್ತಲೇ ಹತ್ತಿ, ತಲೆಗೆ ಎರಡು ಲೀಟರಿಗೆ ಕಡಿಮೆಯಿಲ್ಲದಂತೆ ನೀರು ಒಯ್ಯಿರಿ. ಊರಿನಲ್ಲಿ ಯಾರಿಗಾದರೂ ಇಂಥ ಕಡೆ ಹೋಗುತ್ತಿದ್ದೇವೆ, ಇಷ್ಟು ಹೊತ್ತಿಗೆ ಇಳಿಯುತ್ತೇವೆ ಎಂದು ತಿಳಿಸಿ ಹೊರಡಿ. ಇಳಿದ ಮೇಲೆ ಅವರಿಗೆ ಇನ್ನೊಮ್ಮೆ ಮುಖ ತೋರಿಸಿ ಬಸ್ಸು ಹತ್ತಿ.