ಸೂರ್ಯನ ಹಳೆಯ ಕಿರ್ದಿ
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಬೇಸಗೆ ವರ್ಷದಿಂದ ವರ್ಷಕ್ಕೆ ಉರಿಯುತ್ತಿರುವುದಕ್ಕೆ ಸೂರ್ಯನೇ ಕಾರಣ, ಕಲ್ಲಿದ್ದಲು-ಎಣ್ಣೆಯ ಧಣಿಗಳನ್ನು ದೂರಿ ಫಲವಿಲ್ಲ ಎಂಬ ಮಾತು ನಮ್ಮ ಕಿವಿಗೆ ಬೀಳುತ್ತಲೇ ಇದೆ. ಮಗ್ಗದ ಖಾತೆಯಲ್ಲಿ ಕಾವು ತಡೆಯಲಾರದೆ ಗಾಳಿಗಿಂಡಿ ಕೇಳುವವರಿಗೆ ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಆರೋಪ ಹೊರಿಸಿದ ಮೇಲೆ ಆರೋಪಿಯ ಲೆಕ್ಕವನ್ನು ತೆಗೆದು ನೋಡೋಣ.

ಸೂರ್ಯನ ಮೈಮೇಲೆ ಕಪ್ಪು ಕಲೆಗಳು ಏಳುತ್ತವೆ. ಕಲೆ ಹೆಚ್ಚಿದಷ್ಟೂ ಸೂರ್ಯ ಚುರುಕು. 1610ರ ಸುಮಾರಿನಿಂದ ದೂರದರ್ಶಕದಲ್ಲಿ ನೋಡಿ ಬರೆದಿಡುತ್ತ ಬಂದಿದ್ದಾರೆ. ಈ ಕಲೆಗಳು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಿ ತಗ್ಗುತ್ತವೆಂದು 1843ರಲ್ಲಿ ಪ್ರಕಟಿಸಿದವನು ವಿಶ್ವವಿದ್ಯಾನಿಲಯದ ಪಂಡಿತನಲ್ಲ; ಜರ್ಮನಿಯ ದೆಸೌ ಊರಿನಲ್ಲಿ ಔಷಧದ ಅಂಗಡಿ ನಡೆಸಿದ್ದ ಶ್ವಾಬೆ. ಹದಿನೇಳು ವರ್ಷ ಬಿಡದೆ ಎಣಿಸಿದ. (ಅಂಗಡಿಯವರು ಗಮನಿಸಬೇಕು!) ಹತ್ತಲ್ಲ, 11 ಎಂದು ಆಮೇಲೆ ತಿದ್ದಿದರು. ಕೊಡೈಕನಾಲಿನಲ್ಲಿ 1904ರಿಂದ ತೆಗೆದ ಸೂರ್ಯನ ಚಿತ್ರಗಳ ರಾಶಿಯೇ ಇದೆ. ಆ ವೀಕ್ಷಣಾಲಯವನ್ನು ನಡೆಸುವ ಸಂಸ್ಥೆ ನಮ್ಮ ಬೆಂಗಳೂರಿನದು.

1610ರ ಹಿಂದಿನದಕ್ಕೆ ಏನು ಮಾಡಬೇಕು? ಚೀನದವರು ಬರಿಗಣ್ಣಿಗೆ ಕಂಡದ್ದನ್ನು ಬರೆದದ್ದುಂಟು, ಅದೂ ಬಿಡಿಬಿಡಿಯಾಗಿ. ಅಂಗಡಿಯ ಪುಸ್ತಕ ಸುಟ್ಟುಹೋದರೆ ಉಗ್ರಾಣದ ಮಾಲನ್ನು ಎಣಿಸಿ ವ್ಯಾಪಾರವನ್ನು ತಿಳಿಯುತ್ತೇವಲ್ಲವೇ? ಇಲ್ಲಿ ಮರವೇ ಉಗ್ರಾಣ.

ನಕ್ಷತ್ರಲೋಕದಿಂದ ಬರುವ ವಿಶ್ವಕಿರಣಗಳು ಗಾಳಿಗೆ ಬಡಿದಾಗ ಸಾರಜನಕದಿಂದ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಹುಟ್ಟುತ್ತದೆ. ಮರವು ಅದನ್ನು ಗಾಳಿಯೊಡನೆ ಎಳೆದುಕೊಂಡು ಆ ವರ್ಷದ ಉಂಗುರದಲ್ಲಿ ಇಡುತ್ತದೆ. ಸೂರ್ಯ ಚುರುಕಾದಾಗ ಅವನ ಕಾಂತಶಕ್ತಿ ಆ ಕಿರಣಗಳನ್ನು ತಡೆಯುವುದರಿಂದ ಇಂಗಾಲ-14 ಕಡಮೆ. ಸೂರ್ಯ ತೂಕಡಿಸಿದಾಗ ಹೆಚ್ಚು. ಲೆಕ್ಕ ತಲೆಕೆಳಗು ಎಂಬುದನ್ನು ಮರೆಯಬಾರದು. 5,730 ವರ್ಷಕ್ಕೆ ಅರ್ಧ ಸವೆಯುವ ಸರಕಾದ್ದರಿಂದ ಸವಕಳಿಯನ್ನು ಕೂಡಿಸಬೇಕು. ಭೂಮಿಯ ಕಾಂತಶಕ್ತಿಯ ಏರಿಳಿತವನ್ನೂ ಕಳೆಯಬೇಕು. ಗ್ರೀನ್‌ಲೆಂಡ್, ಅಂಟಾರ್ಕ್ಟಿಕಗಳ ಹಿಮದ ಪದರಗಳಲ್ಲಿ ಬೆರಿಲಿಯಂ-10 ಎಂಬ ಎರಡನೆಯ ಸಾಕ್ಷಿ ಇದೆ. ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡುವುದು ಯಾವ ಪಂಚಾಯಿತಿಗೂ ತರವಲ್ಲ.

1645ರಿಂದ 1715ರವರೆಗೆ ಕಲೆಗಳು ಬಹುಮಟ್ಟಿಗೆ ಮಾಯವಾಗಿದ್ದವು. ಆಗಿನವರು ಸರಿಯಾಗಿ ನೋಡಿರಲಿಕ್ಕಿಲ್ಲ ಎಂಬ ಅನುಮಾನ ಬಹುಕಾಲ ಇತ್ತು. 1976ರಲ್ಲಿ ಅಮೆರಿಕದ ಜಾಕ್ ಎಡ್ಡಿ ಮರದ ಸಾಕ್ಷಿಯನ್ನು ಮುಂದಿಟ್ಟ: ಅದೇ ಕಾಲದ ಉಂಗುರಗಳಲ್ಲಿ ಇಂಗಾಲ-14 ಏರಿತ್ತು. ನೋಡಿದವರ ತಪ್ಪಲ್ಲ, ಸೂರ್ಯನೇ ಮಂಕಾಗಿದ್ದ.

ಈಚಿನ ಪುಟಗಳು ಮಾತ್ರ ಕೆಟ್ಟಿವೆ. ನೆಲದಲ್ಲಿ ಕೋಟ್ಯಂತರ ವರ್ಷ ಹೂತಿದ್ದ ಕಲ್ಲಿದ್ದಲಿನಲ್ಲಿ ಇಂಗಾಲ-14 ಉಳಿದಿಲ್ಲ. ಅದರ ಹೊಗೆ, ಹಾಲಿಗೆ ನೀರು ಬೆರೆಸಿದಂತೆ, ಗಾಳಿಯಲ್ಲಿದ್ದುದನ್ನು ತೆಳುವಾಗಿಸಿತು. ಸಾಲದ್ದಕ್ಕೆ 1950-60ರ ದಶಕಗಳಲ್ಲಿ ಮಹಾರಾಷ್ಟ್ರಗಳು ಬಯಲಲ್ಲಿ ಸಿಡಿಸಿದ ಪರಮಾಣು ಬಾಂಬುಗಳಿಂದ ಉತ್ತರ ಗೋಳಾರ್ಧದ ಗಾಳಿಯಲ್ಲಿ ಅದು ಹೆಚ್ಚುಕಡಮೆ ಇಮ್ಮಡಿಯಾಯಿತು. ಸೂರ್ಯನ ಕಿರ್ದಿಯಲ್ಲಿ ಈ ದೊಡ್ಡವರೂ ತಮ್ಮ ರುಜು ಹಾಕಿದ್ದಾರೆ!

ಆದರೆ ಈ ಕಾಲಕ್ಕೆ ಮರವನ್ನು ಕೇಳಬೇಕಾಗಿಲ್ಲ. ಕಲೆಗಳ ನೇರ ಎಣಿಕೆ ಇದೆ. 1978ರಿಂದ ಉಪಗ್ರಹಗಳು ಬಿಸಿಲನ್ನೇ ಅಳೆಯುತ್ತಿವೆ. 1980ರ ದಶಕದಿಂದೀಚೆಗೆ ಸೂರ್ಯನ ಚಟುವಟಿಕೆ ಒಟ್ಟಾರೆ ಏರಿಲ್ಲ, ತುಸು ಇಳಿದೇ ಇದೆ. ಭೂಮಿಯ ಕಾವು ಅದೇ ಅವಧಿಯಲ್ಲಿ ಏರುತ್ತಲೇ ಬಂದಿದೆ.