ನಾಳೆ ಪೇಪರ್ ಬರಲ್ಲ, ಫೋನಲ್ಲೇ ಓದಮ್ಮ

ಹಬ್ಬದ ರಜೆ ಮುಗಿಸಿ ಊರಿಂದ ವಾಪಸ್ ಬರೋ ಬಸ್ಸಲ್ಲೇ ಇದನ್ನ ಕೇಳ್ತಿರೋರೂ ಇರಬಹುದು. ನಾನೂ ನಿನ್ನೆ ರಾತ್ರಿಯಷ್ಟೇ ತಿಪಟೂರು ಕಡೆಯಿಂದ ಬೆಂಗಳೂರಿಗೆ ಬಂದೆ. ಈ ರಜೆಯಲ್ಲಿ ನಾನು ಮಾಡಿದ ಒಂದು ಎಡವಟ್ಟಿನ ಬಗ್ಗೆ ಇವತ್ತು ಮಾತಾಡ್ತೀನಿ.

ದಸರಾಕ್ಕೆ ಮುಂಚೆ ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಹೊಸ ಕನ್ನಡಕ ಬರೋವರೆಗೆ ಸಣ್ಣ ಅಕ್ಷರ ಓದೋಕಾಗಲ್ಲ. ಹಾಗಾಗಿ ಬೆಳಿಗ್ಗೆ ಪೇಪರ್ ಓದಿ ಹೇಳೋ ಕೆಲಸ ನನ್ನ ಪಾಲಿಗೆ ಬಂತು. ಇದೇನು ಮಹಾ, ದಿನಾ ಫೋನಲ್ಲಿ ಗಂಟೆಗಟ್ಟಲೆ ಓದ್ತೀನಲ್ಲ ಅಂದ್ಕೊಂಡು ಕೂತೆ. ಎರಡನೇ ಪ್ಯಾರಾಗೇ ನಾಲಿಗೆ ತಡವರಿಸಿತು. ‘ಪ್ರಾತ್ಯಕ್ಷಿಕೆ’, ‘ಪುನಶ್ಚೇತನ’. ನೋಡಿದರೆ ಅರ್ಥ ಆಗುತ್ತೆ, ಆದರೆ ಬಾಯಿಗೆ ಅಭ್ಯಾಸವೇ ಇಲ್ಲ. ನಾನು ಫ್ರೆಂಡ್ಸ್‌ಗೆ ಮೆಸೇಜ್ ಮಾಡೋದು ಕನ್ನಡದಲ್ಲೇ, ಆದರೆ ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡ ಅಕ್ಷರವನ್ನ ಜೋರಾಗಿ ಓದಿ ಎಷ್ಟು ವರ್ಷ ಆಗಿತ್ತೋ!

ಅಪ್ಪನಿಗೆ ಮುಖ್ಯವಾಗಿ ಬೇಕಿದ್ದದ್ದು ಮಾರುಕಟ್ಟೆ ಧಾರಣೆ. ಅಲ್ಲಿ ‘ಆವಕ’ ಅಂತ ಬಂತು. ಹಾಗಂದ್ರೇನು ಅಂತ ಕೇಳಿದೆ. ಅಪ್ಪ ನಕ್ಕು, “ಮಾರ್ಕೆಟ್‌ಗೆ ಎಷ್ಟು ಮಾಲು ಬಂದಿದೆ ಅಂತ ಕಣಮ್ಮ. ಆವಕ ಜಾಸ್ತಿ ಆದ್ರೆ ರೇಟು ಸಾಮಾನ್ಯವಾಗಿ ಇಳಿಯುತ್ತೆ” ಅಂದ್ರು. ಆಮೇಲೆ ಮೂರು ಅಂಕಿ: ಕನಿಷ್ಠ, ಗರಿಷ್ಠ, ಮಾದರಿ. ನಾನು ಗರಿಷ್ಠ ಮಾತ್ರ ಓದಿದೆ. “ಅದು ಒಬ್ಬಿಬ್ಬರಿಗೆ ಸಿಕ್ಕಿರುತ್ತೆ. ಮಾದರಿ ಓದು, ಹೆಚ್ಚಿನ ಮಾಲು ಮಾರಾಟ ಆಗಿರೋದು ಆ ರೇಟಿಗೆ” ಅಂದ್ರು. ಕೊಬ್ಬರಿ ದುಡ್ಡಲ್ಲಿ ಓದಿ ಬೆಳೆದ ಮಗಳಿಗೆ ಇಷ್ಟೂ ಗೊತ್ತಿರಲಿಲ್ಲ.

ಆಮೇಲೆ ಆಯುಧ ಪೂಜೆ ಬಂತು. ಬೈಕು, ಪಂಪ್‌ಸೆಟ್ಟು, ಮಚ್ಚು, ಕುಡುಗೋಲು ಎಲ್ಲಕ್ಕೂ ಚೆಂಡುಹೂವು, ಕುಂಕುಮ. ನನ್ನ ಲ್ಯಾಪ್‌ಟಾಪ್‌ಗೂ ಒಂದು ಬೊಟ್ಟು. ಚಿಕ್ಕವರಿದ್ದಾಗ ಸರಸ್ವತಿ ಪೂಜೆಗೆ ಪುಸ್ತಕ ಇಟ್ಟರೆ ತೆಗೆಯೋವರೆಗೂ ಓದೋ ಹಾಗಿರಲಿಲ್ಲ, ನೆನಪಿದೆಯಾ? ನಮಗೆ ಅದೇ ದೊಡ್ಡ ಹಬ್ಬ. ಪತ್ರಿಕೆಗಳಿಗೂ ಹಾಗೇ. ಪೂಜೆ ದಿನ ಪತ್ರಿಕಾಲಯಕ್ಕೆ ರಜೆ, ಹಾಗಾಗಿ ಮಾರನೇ ದಿನ ಬಹುತೇಕ ಕನ್ನಡ ಪೇಪರ್‌ಗಳು ಬರಲ್ಲ. ಬೊಟ್ಟು ಇಟ್ಟರೂ ರಜೆ ಸಿಗದೇ ಇದ್ದದ್ದು ನನ್ನ ಫೋನಿಗೆ ಮಾತ್ರ.

ವಿಜಯದಶಮಿ ಬೆಳಿಗ್ಗೆ ಅಪ್ಪ, “ಇವತ್ತು ಪೇಪರ್ ಬರಲ್ಲ, ನಿನ್ನ ಫೋನಲ್ಲೇ ಓದಮ್ಮ” ಅಂದ್ರು. ತೆಗೆದ ತಕ್ಷಣ ಕಂಡಿದ್ದು: ಕೊಬ್ಬರಿ ಬೆಳೆಗಾರರಿಗೆ ಬಿಗ್ ಶಾಕ್! ದಿಢೀರ್ ಕುಸಿದ ಬೆಲೆ, ಇಲ್ಲಿದೆ ಫುಲ್ ಡಿಟೇಲ್ಸ್! ಅಷ್ಟು ಓದಿದೆ, ಮುಂದಕ್ಕೆ ಹೋದೆ. ಅಭ್ಯಾಸ ಹಾಗೇ ಅಲ್ವಾ ನಮ್ಮದು? ಬೆರಳು ಮುಂದಕ್ಕೆ ಹೋಯ್ತು, ಅಪ್ಪ ಮಾತ್ರ ಅಲ್ಲೇ ನಿಂತ್ರು. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಕಾಯಿ ಸುಲಿಯೋ ಅಣ್ಣನಿಗೆ ಫೋನ್ ಮಾಡಿ, “ನಾಳೆನೇ ಬಾ, ಹದ ಆಗಿರೋದನ್ನೆಲ್ಲ ಒಡೆಸಿಬಿಡ್ತೀನಿ” ಅಂದ್ರು.

ಗೊತ್ತಿಲ್ಲದವರಿಗೆ ಹೇಳ್ತೀನಿ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡೋಕೆ ತೆಂಗಿನಕಾಯಿಯನ್ನ ಸಿಪ್ಪೆ ಸಮೇತ ಹತ್ತು-ಹನ್ನೊಂದು ತಿಂಗಳು ಅಟ್ಟದ ಮೇಲೆ ಇಡ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಗಡಗಡ ಅನ್ನಬೇಕು. ಚಿಪ್ಪಿನೊಳಗೆ ಇರೋವರೆಗೆ ಕಾಯಬಹುದು. ಒಂದು ಸಲ ಒಡೆಸಿದ್ರೆ ಮತ್ತೆ ಚಿಪ್ಪಿಗೆ ಹಾಕೋಕಾಗಲ್ಲ, ಸಿಕ್ಕಿದ ರೇಟಿಗೆ ಕೊಡಬೇಕು. ಉತ್ತರ ಭಾರತಕ್ಕೆ ಹೋಗೋ ಮಾಲು ಇದು. ಅಪ್ಪ ದೀಪಾವಳಿವರೆಗೆ ಕಾಯೋ ಲೆಕ್ಕದಲ್ಲಿದ್ರು. ತಮ್ಮನ ಕಾಲೇಜು ಫೀಸು, ಆಪರೇಷನ್‌ಗೆ ಮಾಡಿದ ಕೈಸಾಲ, ಎರಡೂ ಆ ಅಟ್ಟದ ಮೇಲೇ ಇತ್ತು.

ಸಂಜೆ ಬನ್ನಿ ಕೊಡೋಕೆ ಅಂತ ಅದೇ ಅಣ್ಣ ಮನೆಗೆ ಬಂದ್ರು. ಕಾಫಿ ಕುಡೀತಾ, “ಯಾವ ಮಾರ್ಕೆಟ್ಟಿಂದವ್ವ ಆ ರೇಟು? ಯಾವತ್ತಿಂದು?” ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಫೋನ್ ತೆಗೆದು ಆ ಸುದ್ದಿ ಹುಡುಕಿ ಒತ್ತಿದೆ. ಜಾಹೀರಾತು, ಮತ್ತೆ ಜಾಹೀರಾತು, ಬೆಲೆ ಕುಸಿದಿದೆ ಅಂತ ನಾಲ್ಕು ಸಲ ತಿರುಗಿಸಿ ಮುರುಗಿಸಿ ಹೇಳಿದ ಪ್ಯಾರಾ. ಅಂಕಿ ಇಲ್ಲ, ಮಾರುಕಟ್ಟೆ ಹೆಸರಿಲ್ಲ. ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ದಿನಾಂಕ ಇತ್ತು. ಹೋದ ವರ್ಷದ್ದು!

ಆಮೇಲೆ ಅದೇ ಫೋನಲ್ಲಿ ಸರ್ಕಾರದ ‘ಕೃಷಿ ಮಾರಾಟ ವಾಹಿನಿ’ ವೆಬ್‌ಸೈಟ್ ತೆಗೆದೆ. ಮಾರುಕಟ್ಟೆ, ದಿನಾಂಕ, ಆವಕ, ಮೂರೂ ದರ ಸಾಲಾಗಿ ಇತ್ತು. ಹಬ್ಬಕ್ಕೆ ಮುಂಚಿನ ಮಾದರಿ ದರ ಓದಿದೆ. ಪೇಪರಲ್ಲಿ ಓದಿದ್ದಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ. “ಬಿಡು, ನಾಳೆ ಬೇಡ” ಅಂದ್ರು ಅಪ್ಪ. ಬೈಲಿಲ್ಲ. ಬೈದಿದ್ರೆ ವಾಸಿ ಇತ್ತು. ದೀಪಾವಳಿಗೆ ಬೆಲೆ ಏರುತ್ತೋ ಇಳಿಯುತ್ತೋ ಗೊತ್ತಿಲ್ಲ. ಆದರೆ ಆ ತೀರ್ಮಾನ ಅಪ್ಪಂದಾಗಿರಬೇಕು, ಯಾವನೋ ಹಾಕಿದ ಹೆಡ್‌ಲೈನ್‌ದಲ್ಲ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಬಂದಿದ್ದು 1843ರ ಜುಲೈ 1ರಂದು. ಅದಾಗಿ ಬಹಳ ಕಾಲದವರೆಗೂ ಹಳ್ಳಿಗಳಲ್ಲಿ ಓದು ಬಲ್ಲವರು ಕಮ್ಮಿ. ಹೋಟೆಲಲ್ಲೋ ಅರಳಿಕಟ್ಟೆಯಲ್ಲೋ ಒಬ್ಬರು ಓದೋರು, ಉಳಿದವರು ಕೇಳೋರು. ಕೇಳೋರು ಸುಮ್ಮನೆ ಇರ್ತಿರಲಿಲ್ಲ. ಎಲ್ಲಿ, ಯಾವಾಗ, ಯಾರು ಹೇಳಿದ್ದು ಅಂತ ಮಧ್ಯೆ ಬಾಯಿ ಹಾಕೋರು. ನಾವು ಒಬ್ಬೊಬ್ಬರೇ ಫೋನ್ ಹಿಡಿದು ಕೂತ ಮೇಲೆ ಆ ಪ್ರಶ್ನೆ ಕೇಳೋರು ಇಲ್ಲ. ನಮಗೆ ನಾವೇ ಕೇಳ್ಕೋಬೇಕು, ನಾವು ಕೇಳ್ಕೊಳ್ಳಲ್ಲ. ಸುಳ್ಳು ಸುದ್ದಿ ಬಗ್ಗೆ ನಾನೇ ಎಷ್ಟು ಭಾಷಣ ಬಿಗಿದಿದ್ದೀನಿ. ಆದರೂ ಮನೆಗೆ ಹಳೇ ಸುದ್ದಿ ತಂದು ಹಾಕಿದ್ದು ನಾನೇ.

ಅದಕ್ಕೇ ಒಂದು ಸಣ್ಣ ಕೆಲಸ ಶುರು ಮಾಡಿದ್ದೀನಿ. ದಿನಾ ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿ ಒಂದೇ ಒಂದು ಸುದ್ದಿ ಪೂರ್ತಿ ಓದ್ತೀನಿ, ಮೊದಲು ದಿನಾಂಕ, ಆಮೇಲೆ ಸುದ್ದಿ. ಐದು ನಿಮಿಷ ಸಾಕು. ಒತ್ತಕ್ಷರ ಈಗಲೂ ಎಡವುತ್ತೆ, ಅಪ್ಪ ತಿದ್ದುತ್ತಾರೆ. ನಿಮ್ಮ ಮನೇಲೂ ಸಣ್ಣ ಅಕ್ಷರ ಕಾಣದವರು ಒಬ್ಬರು ಇದ್ದೇ ಇರ್ತಾರೆ. ನಾಳೆ ಒಂದು ಸುದ್ದಿ ಅವರಿಗೆ ಓದಿ ನೋಡಿ. ಅವರು ಮಧ್ಯೆ ಬಾಯಿ ಹಾಕಿದ್ರೆ ಬೇಜಾರು ಮಾಡ್ಕೋಬೇಡಿ.

ಮುಂದಿನ ವಾರ ಸಿಗೋಣ.