ವ್ಯಾನು ಬಿಸಿಯಾದಾಗ ಮೊದಲು ಕೇಳಬೇಕಾದ ಪ್ರಶ್ನೆ

(ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ಸದಸ್ಯೆಯೊಬ್ಬರು ಆಡಿದ ಮಾತುಗಳು)



ಸಭೆಯಲ್ಲಿ ಸಾಲ, ಉಳಿತಾಯದ ಮಾತೇ ಜಾಸ್ತಿ. ಇಂಜಿನ್ ಬಗ್ಗೆ ಮಾತಾಡು ಅಂದಾಗ ನನಗೇ ನಗು ಬಂತು. ಆದರೆ ನಮ್ಮಲ್ಲಿ ಎಷ್ಟೋ ಮನೆಗಳ ಮುಂದೆ ಹಳೇ ಮಾರುತಿ ಓಮ್ನಿ ನಿಂತಿರುತ್ತೆ. ಊರಿಗೆ ಹೋಗೋದಕ್ಕೂ ಅದೇ, ಊಟದ ಡಬ್ಬಿ ಸಾಗಿಸೋದಕ್ಕೂ ಅದೇ. 2019ರಲ್ಲಿ ಕಂಪನಿಯವರು ಓಮ್ನಿ ತಯಾರಿಸೋದನ್ನೇ ನಿಲ್ಲಿಸಿದರು. ಹಾಗಾಗಿ ಈಗ ಇರೋದೆಲ್ಲ ವಯಸ್ಸಾದ ಗಾಡಿಗಳೇ.

ನಮ್ಮ ಮನೆಯ ಓಮ್ನಿ ಒಂದು ಬೇಸಿಗೆಯಲ್ಲಿ ಟಿನ್ ಫ್ಯಾಕ್ಟರಿ ಜಾಮ್‌ನಲ್ಲಿ ಕೈಕೊಟ್ಟಿತು. ಓಮ್ನಿಯ ಇಂಜಿನ್ ಮುಂದಿನ ಸೀಟಿನ ಕೆಳಗೇ ಇರೋದು ನಿಮಗೆ ಗೊತ್ತು. ಮೊದಲು ಸೀಟು ಸುಡೋಕೆ ಶುರುವಾಯಿತು, ಆಮೇಲೆ ನೋಡಿದರೆ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಒಂದು ಗ್ಯಾರೇಜಿಗೆ ಎಳೆಸಿಕೊಂಡು ಹೋದೆವು. ಅವರು ಬಾನೆಟ್ಟೂ ನೋಡಲಿಲ್ಲ, ಸೀಟೂ ಎತ್ತಲಿಲ್ಲ. "ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಇಳಿಸಬೇಕು, ಹದಿನೆಂಟು ಸಾವಿರ" ಅಂದರು. ನಾನು ಸಂಘದಲ್ಲಿ ಸಾಲಕ್ಕೆ ಅರ್ಜಿ ಹಾಕಿದೆ.

ಆ ಸಭೆಯಲ್ಲಿ ಒಬ್ಬ ಅಕ್ಕ, ಅವರ ತಮ್ಮ ಟೆಂಪೋ ಓಡಿಸ್ತಾರೆ, ಒಂದೇ ಮಾತು ಕೇಳಿದರು: "ಗಾಡಿ ನಿಂತಾಗ ಬಿಸಿಯಾಗುತ್ತೋ, ಓಡುವಾಗಲೋ?" ನಾನು ಯೋಚಿಸಿದೆ. ಹೊಸಕೋಟೆ ಕಡೆ ರಸ್ತೆಯಲ್ಲಿ ಓಡುವಾಗ ಮುಳ್ಳು ಅಲ್ಲಾಡೋದೇ ಇಲ್ಲ. ಸಿಗ್ನಲ್‌ನಲ್ಲಿ ನಿಂತರೆ ಮಾತ್ರ ಏರುತ್ತೆ. "ಹಾಗಾದರೆ ಮೊದಲು ಫ್ಯಾನ್ ನೋಡಿಸು" ಅಂದರು.

ಇದರ ಗುಟ್ಟು ಇಷ್ಟೇ. ಇಂಜಿನ್ ಸುತ್ತ ನೀರು ಓಡಾಡಿ ಬಿಸಿ ಹೊತ್ತುಕೊಂಡು ರೇಡಿಯೇಟರಿಗೆ ಬರುತ್ತೆ, ಅಲ್ಲಿ ಗಾಳಿ ತಾಗಿ ಆರುತ್ತೆ. ಗಾಡಿ ಓಡುವಾಗ ಗಾಳಿ ತಾನಾಗಿ ನುಗ್ಗುತ್ತೆ. ನಿಂತಾಗ ಕರೆಂಟ್ ಫ್ಯಾನ್ ಬೀಸಬೇಕು. ಬೇರೆ ಮೆಕ್ಯಾನಿಕ್ ಬಂದು ಫ್ಯಾನ್ ಸ್ವಿಚ್ಚಿನ ಎರಡು ವೈರ್ ಕಿತ್ತು ಸೇರಿಸಿದ, ಫ್ಯಾನ್ ಗಿರ್ರನೆ ತಿರುಗಿತು. ಮೋಟಾರ್ ಸರಿ ಇದೆ, ಸ್ವಿಚ್ಚು ಸತ್ತಿದೆ. ಕೆಲವು ನೂರು ರೂಪಾಯಿಗೆ ಮುಗಿಯಿತು. ಅರ್ಜಿ ವಾಪಸ್ ತಗೊಂಡೆ.

ಎಲ್ಲರಿಗೂ ಹೀಗೇ ಅಗ್ಗವಾಗಿ ಮುಗಿಯುತ್ತೆ ಅಂತ ಹೇಳಲ್ಲ. ನಿಂತಾಗ ಚೆನ್ನಾಗಿದ್ದು, ಶಿರಾಡಿ ಘಾಟಿ ಹತ್ತುವಾಗ ಅಥವಾ ವೇಗವಾಗಿ ಓಡುವಾಗ ಕಾದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಇಲ್ಲವೇ ಥರ್ಮೋಸ್ಟಾಟ್ ಸರಿಯಾಗಿ ತೆರೆಯದೇ ಇರಬಹುದು. ಅದನ್ನು ಕಿತ್ತು ಬಿಸಾಡಿ ಅನ್ನೋ ಮೆಕ್ಯಾನಿಕ್‌ಗಳಿದ್ದಾರೆ. ಬೇಡಿ, ಹೊಸದು ಹಾಕಿಸಿ. ಎಲ್ಲೂ ಸೋರದೆ ನೀರು ದಿನಾ ಕಡಿಮೆಯಾಗ್ತಾ ಇದ್ದರೆ, ಹೊಗೆ ಬಿಳಿಯಾಗಿ ಬರ್ತಾನೇ ಇದ್ದರೆ, ಆಯಿಲ್ ನೋಡೋ ಕಡ್ಡಿಯಲ್ಲಿ ಆಯಿಲ್ ಹಾಲು ಹಾಕಿದ ಕಾಫಿ ಹಾಗೆ ಕಂಡರೆ, ಆಗ ಗ್ಯಾಸ್ಕೆಟ್ ಅನ್ನೋ ಮಾತಿಗೆ ಬೆಲೆ ಇದೆ. "ಯಾವ ಗುರುತು ನೋಡಿ ಹೇಳ್ತಿದೀರಿ ಅಣ್ಣಾ? ತೋರಿಸಿ" ಅಂತ ಕೇಳಿ. ನಾಚಿಕೆ ಬೇಡ, ದುಡ್ಡು ನಮ್ಮದು.

ಮುಳ್ಳು ಕೆಂಪಿಗೆ ಬಂದರೆ "ಇನ್ನೇನು ಮನೆ ಬಂತು" ಅಂತ ಓಡಿಸಬೇಡಿ. ಇಂಜಿನ್ ಹೆಡ್ ಅಲ್ಯೂಮಿನಿಯಂ, ಕಾದರೆ ಬಾಗುತ್ತೆ. ನೂರು ರೂಪಾಯಿಯ ಕೆಲಸ ಸಾವಿರಕ್ಕೆ ಹೋಗೋದು ಆ ಎರಡು ಕಿಲೋಮೀಟರಿನಲ್ಲೇ. ಪಕ್ಕಕ್ಕೆ ಹಾಕಿ ಆಫ್ ಮಾಡಿ. ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ.

ಮುಚ್ಚಳವನ್ನಂತೂ ಮುಟ್ಟಲೇಬೇಡಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ರೇಡಿಯೇಟರ್ ಮುಚ್ಚಳ ಕುಕ್ಕರ್ ವೆಯ್ಟ್ ಥರ ಒತ್ತಡ ಹಿಡಿದಿಟ್ಟು, ನೂರು ಡಿಗ್ರಿ ದಾಟಿದರೂ ನೀರು ಕುದಿಯದ ಹಾಗೆ ನೋಡಿಕೊಳ್ಳುತ್ತೆ. ತೆಗೆದ ಕ್ಷಣ ಕುದಿಯುವ ನೀರು ಮುಖಕ್ಕೆ ಎರಚುತ್ತೆ. ಪ್ರೆಶರ್ ಇಳಿಯದೆ ಕುಕ್ಕರ್ ತೆಗೀತೀವಾ? ಅರ್ಧ ಗಂಟೆಯಾದರೂ ಬಿಟ್ಟು, ಕೈಯಿಟ್ಟರೆ ತಣ್ಣಗಿದ್ದರೆ ಮಾತ್ರ, ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಿ. ಕುಕ್ಕರ್ ಹಾಗೆ ಇದರ ರಬ್ಬರ್ ಕೂಡ ಸವೆಯುತ್ತೆ. ಆಗ ಒತ್ತಡ ನಿಲ್ಲಲ್ಲ, ನೀರು ಹೊರಗೆ ಹೋಗುತ್ತೆ.

ಇನ್ನೊಂದು ತಪ್ಪು ನಮ್ಮದೇ. ನಾವು ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ತುಂಬಿಸಿದ್ದೆವು. ನಮ್ಮ ಕಡೆ ಬೋರ್ ನೀರು ಎಷ್ಟು ಗಡಸು ಅಂತ ನೀರು ಕಾಯಿಸೋ ಪಾತ್ರೆಯ ತಳ ನೋಡಿದರೆ ಗೊತ್ತಾಗುತ್ತೆ, ಬಿಳಿ ಪದರ ಕಟ್ಟಿರುತ್ತೆ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟುತ್ತೆ. ಈಗ ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಸಮ ಸಮ ಬೆರೆಸಿ ಹಾಕ್ತೀವಿ. ಬೆರೆಸಿದ್ದೇ ಸಿಗುವ ಡಬ್ಬಿಯೂ ಇದೆ, ಅದಕ್ಕೆ ಮತ್ತೆ ನೀರು ಸೇರಿಸಬಾರದು. ಕೂಲೆಂಟ್ ರುಚಿ ಸಿಹಿ, ಆದರೆ ವಿಷ. ಜ್ಯೂಸ್ ಬಾಟಲಿಗೆ ಸುರಿದಿಡಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಮೇಲಿಡಿ. ಚೆಲ್ಲಿದರೆ ನಾಯಿ ನೆಕ್ಕುವ ಮೊದಲೇ ನೀರು ಹಾಕಿ ತೊಳೆದುಬಿಡಿ.